ಗೆಂಡೆ: ಹೆಸರು ಒಂದು, ಮೀನು ಹಲವು

ಬೀಜದ ಅಂಗಡಿಗೆ ಹೋಗಿ “ಬೇಳೆಕಾಳಿನ ಬೀಜ ಕೊಡಿ” ಎಂದು ಯಾವ ರೈತರೂ ಕೇಳುವುದಿಲ್ಲ. ತೊಗರಿಯೋ, ಹೆಸರೋ, ಉದ್ದೋ, ಕಡಲೆಯೋ ಎಂಬುದನ್ನು ಹೇಳಿ, ಅದರಲ್ಲಿಯೂ ಇಂಥ ತಳಿಯೇ ಬೇಕೆಂದು ಕೇಳಿ ತರುತ್ತಾರೆ. ಆದರೆ ಮೀನುಮರಿ ಕೊಳ್ಳುವಾಗ ಮಾತ್ರ “ಗೆಂಡೆ ಮರಿ ಐದು ಸಾವಿರ ಕೊಡಿ” ಎನ್ನುವವರು ಇಂದಿಗೂ ಉಂಟು. ಗೆಂಡೆ ಎಂಬುದು ಬೇಳೆಕಾಳು ಎಂಬ ಮಾತಿನಂತೆಯೇ ಒಂದು ಗುಂಪಿನ ಹೆಸರು. ಕಾಟ್ಲಾ ಗೆಂಡೆ, ರೋಹು ಗೆಂಡೆ, ಮೃಗಾಲ ಗೆಂಡೆ. ಬೆಳ್ಳಿಗೆಂಡೆ, ಹುಲ್ಲುಗೆಂಡೆ, ಸಾಮಾನ್ಯ ಗೆಂಡೆಗಳೂ ಗೆಂಡೆಗಳೇ. ಇವುಗಳ ಆಹಾರ ಬೇರೆ, ಕೊಳದಲ್ಲಿ ವಾಸಿಸುವ ನೆಲೆ ಬೇರೆ, ಮರಿ ಮಾಡುವ ರೀತಿ ಬೇರೆ. ಹೆಸರು ಒಂದೇ ಎಂದು ಮೀನೂ ಒಂದೇ ಎಂದು ತಿಳಿದರೆ ನಷ್ಟ ಕೊಳದ ಒಡೆಯರಿಗೇ.

ಇಷ್ಟು ಬಗೆಯ ಮೀನುಗಳಿಗೆ ಒಂದೇ ಹೆಸರು ಹೇಗೆ ಬಂದಿತು? ಇದರ ಕಥೆಯನ್ನು ತಿಳಿದುಕೊಂಡರೆ, ಮರಿ ಕೊಳ್ಳುವಾಗ ಏನನ್ನು ಕೇಳಬೇಕು ಎಂಬುದೂ ತಾನಾಗಿಯೇ ತಿಳಿಯುತ್ತದೆ.

ಮೊದಲು ಒಂದೇ ಮೀನು

ಇಂಗ್ಲಿಷಿನವರು ಗೆಂಡೆಯನ್ನು ‘ಕಾರ್ಪ್’ ಎನ್ನುತ್ತಾರೆ. ಯೂರೋಪಿನಲ್ಲಿ ಈ ಹೆಸರು ಮೊದಲು ಒಂದೇ ಒಂದು ಮೀನಿನದಾಗಿತ್ತು. ಅದು ಡ್ಯಾನ್ಯೂಬ್ ನದಿಯ ಮೀನು. 6ನೆಯ ಶತಮಾನದ ಲ್ಯಾಟಿನ್ ಬರಹದಲ್ಲಿಯೇ ‘ಕಾರ್ಪಾ’ ಎಂಬ ಹೆಸರಿನಿಂದ ಇದರ ಉಲ್ಲೇಖ ದೊರೆಯುತ್ತದೆ. ಅಲ್ಲಿನ ಕ್ರೈಸ್ತ ಮಠಗಳವರು ಉಪವಾಸದ ದಿನಗಳಲ್ಲಿ ಮಾಂಸ ವರ್ಜ್ಯವಾದ್ದರಿಂದ ಕೊಳಗಳಲ್ಲಿ ಮೀನು ಸಾಕುತ್ತಿದ್ದರು. ನಿಂತ ನೀರಿನಲ್ಲಿ ಬದುಕಿ, ಸಿಕ್ಕಿದ್ದನ್ನು ತಿಂದು, ತಾನಾಗಿಯೇ ಮರಿ ಮಾಡುವ ಈ ಮೀನು ಅವರಿಗೆ ಬಹಳ ಅನುಕೂಲವಾಯಿತು. ನಾವು ಇಂದು ‘ಸಾಮಾನ್ಯ ಗೆಂಡೆ’ ಎಂದು ಕರೆಯುವುದು ಇದನ್ನೇ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ ಇದಕ್ಕೆ ‘ಸೈಪ್ರಿನಸ್ ಕಾರ್ಪಿಯೋ’ ಎಂಬ ಶಾಸ್ತ್ರೀಯ ಹೆಸರನ್ನು ಕೊಟ್ಟನು.

ಹೆಸರು ಹಿಗ್ಗಲು ಆರಂಭವಾದದ್ದು ಇಲ್ಲಿಂದ. ಬಾಯಲ್ಲಿ ಹಲ್ಲಿಲ್ಲದೆ ಗಂಟಲಿನಲ್ಲಿ ಹಲ್ಲುಳ್ಳ, ಮೈಮೇಲೆ ಹುರುಪೆಯುಳ್ಳ, ಇದರ ಹೋಲಿಕೆಯ ಮೀನುಗಳನ್ನೆಲ್ಲ ಆ ಕಾಲದ ವಿಜ್ಞಾನಿಗಳು ‘ಸೈಪ್ರಿನಸ್’ ಎಂಬ ಒಂದೇ ಬುಟ್ಟಿಗೆ ಹಾಕತೊಡಗಿದರು.

ಗಂಗೆಯ ಮೀನುಗಳು ಗೆಂಡೆಗಳಾದದ್ದು

ಈ ಬುಟ್ಟಿಗೆ ನಮ್ಮ ದೇಶದ ಮೀನುಗಳನ್ನು ಸೇರಿಸಿದವರಲ್ಲಿ ಫ್ರಾನ್ಸಿಸ್ ಬುಕಾನನ್ ಪ್ರಮುಖನು. ಕರ್ನಾಟಕದ ಚರಿತ್ರೆ ಓದಿದವರಿಗೆ ಈತನ ಪರಿಚಯವಿರುತ್ತದೆ. ಶ್ರೀರಂಗಪಟ್ಟಣ ಪತನವಾದ ಮರುವರ್ಷ, ಅಂದರೆ 1800ರಲ್ಲಿ ಹೊರಟು, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಇಲ್ಲಿನ ಬೆಳೆ, ಬೇಸಾಯ, ಕಸುಬುಗಳನ್ನು ವಿವರವಾಗಿ ಬರೆದಿಟ್ಟವನು ಇವನೇ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ ಈತ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಒಂದು ಗ್ರಂಥವನ್ನು ಪ್ರಕಟಿಸಿದನು.

ಆ ಗ್ರಂಥದಲ್ಲಿ ಈತ ಮಾಡಿದ ಕೆಲಸ ಗಮನಾರ್ಹವಾದುದು. ಗಂಗೆಯ ದಡದ ಬೆಸ್ತರು ಪ್ರತಿಯೊಂದು ಮೀನಿಗೂ ಬೇರೆ ಬೇರೆ ಹೆಸರಿಟ್ಟಿದ್ದರು. ಆ ಹೆಸರುಗಳನ್ನು ಹ್ಯಾಮಿಲ್ಟನ್ ಕೈಬಿಡಲಿಲ್ಲ. ಅವುಗಳ ಮುಂದೆ ‘ಸೈಪ್ರಿನಸ್’ ಎಂದು ಸೇರಿಸಿದನು. ಹೀಗೆ ಸೈಪ್ರಿನಸ್ ಕಾಟ್ಲಾ, ಸೈಪ್ರಿನಸ್ ರೋಹಿತಾ, ಸೈಪ್ರಿನಸ್ ಮೃಗಾಲಾ ಎಂಬ ಹೆಸರುಗಳು ಹುಟ್ಟಿದವು. ಮನೆಯ ಹೆಸರು ಡ್ಯಾನ್ಯೂಬಿನದು, ಕರೆಯುವ ಹೆಸರು ಗಂಗೆಯದು!

ಮುಂದಿನ ವಿಜ್ಞಾನಿಗಳು ಈ ಮೂರನ್ನೂ ಸೈಪ್ರಿನಸ್ ಗುಂಪಿನಿಂದ ಹೊರತೆಗೆದು ಬೇರೆ ಕುಲಗಳಲ್ಲಿ ಇರಿಸಿದರು. ಆದರೆ ಆಡುಮಾತು ಹಿಂದಕ್ಕೆ ಬರಲಿಲ್ಲ. ಕಾಟ್ಲಾ, ರೋಹು, ಮೃಗಾಲಗಳಿಗೆ ‘ಭಾರತದ ಪ್ರಮುಖ ಕಾರ್ಪ್‌ಗಳು’ ಎಂಬ ಹೆಸರು ಸರಕಾರಿ ಕಡತಗಳಲ್ಲಿಯೂ ಪುಸ್ತಕಗಳಲ್ಲಿಯೂ ನಿಂತುಬಿಟ್ಟಿತು.

ಚೀನಾದ ಮೀನುಗಳಿಗೂ ಅದೇ ಹೆಸರು

ಚೀನಾ ದೇಶದಲ್ಲಿ ಮೀನು ಸಾಕಣೆ ಎರಡು ಸಾವಿರ ವರ್ಷಗಳಿಗೂ ಹಳೆಯದು. ಅಲ್ಲಿಯೂ ಮೊದಲು ಸಾಕಿದ್ದು ಸಾಮಾನ್ಯ ಗೆಂಡೆಯನ್ನೇ. ಚೀನೀ ಭಾಷೆಯಲ್ಲಿ ಇದಕ್ಕೆ ‘ಲಿ’ ಎಂದು ಹೆಸರು. 618ರಿಂದ 907ರವರೆಗೆ ಆಳಿದ ಟಾಂಗ್ ವಂಶದ ದೊರೆಗಳ ಮನೆತನದ ಹೆಸರನ್ನೂ ‘ಲಿ’ ಎಂದೇ ಉಚ್ಚರಿಸುತ್ತಿದ್ದರು. ದೊರೆಯ ಹೆಸರಿನ ಮೀನನ್ನು ಹಿಡಿದು ಮಾರುವುದೇ? ಅದಕ್ಕೆ ನಿಷೇಧ ಬಂದಿತೆಂದೂ, ಆಗ ಜನರು ಬೇರೆ ನಾಲ್ಕು ಮೀನುಗಳನ್ನು ಸಾಕಲು ತೊಡಗಿದರೆಂದೂ ಅಲ್ಲಿ ಕಥೆ ಹೇಳುತ್ತಾರೆ. ಹುಲ್ಲು ಮೇಯುವ ಮೀನು, ಬೆಳ್ಳಿ ಮೀನು, ದಪ್ಪತಲೆ ಮೀನು, ಬಸವನಹುಳು ತಿನ್ನುವ ಕಪ್ಪು ಮೀನು, ಇವೇ ಆ ನಾಲ್ಕು.

ಚೀನೀಯರು ಈ ನಾಲ್ಕರಲ್ಲಿ ಯಾವುದನ್ನೂ ‘ಲಿ’ ಎಂದು ಕರೆಯಲಿಲ್ಲ. ಒಂದೊಂದಕ್ಕೂ ಅದರದೇ ಹೆಸರು ಉಂಟು. ಒಂದೇ ಕೊಳದಲ್ಲಿ ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆ ಮೀನು ಸಾಕುವವರಿಗೆ ಬೇರೆ ಬೇರೆ ಹೆಸರು ಬೇಕೇ ಬೇಕು. ಇವನ್ನು ಹೊರಗಿನಿಂದ ನೋಡಿದ ಇಂಗ್ಲಿಷಿನವರು ಮಾತ್ರ ಎಲ್ಲಕ್ಕೂ ‘ಕಾರ್ಪ್’ ಎಂದು ಸೇರಿಸಿ ಹುಲ್ಲು ಕಾರ್ಪ್, ಬೆಳ್ಳಿ ಕಾರ್ಪ್ ಎಂದು ಕರೆದರು. ಇತ್ತೀಚಿನ ವರ್ಗೀಕರಣದಲ್ಲಿ ಈ ಚೀನೀ ಮೀನುಗಳನ್ನು ಸಾಮಾನ್ಯ ಗೆಂಡೆಯ ಕುಟುಂಬದಿಂದಲೇ ಬೇರ್ಪಡಿಸಿ ಎಣಿಸುವುದುಂಟು.

ಕನ್ನಡದ ಗೆಂಡೆ

ಗೆಂಡೆ ಎಂಬುದು ನಮ್ಮದೇ ಹಳೆಯ ಮಾತು. ತಮಿಳಿನ ‘ಕೆಂಡೈ’ ಇದೇ ಮೂಲದ್ದು. ನಮ್ಮ ಹೊಳೆ ಕೆರೆಗಳ ಹುರುಪೆಯುಳ್ಳ ಮೀನುಗಳಿಗೆ ಈ ಹೆಸರಿತ್ತು. ಕಾಟ್ಲಾ, ರೋಹು, ಮೃಗಾಲಗಳು ಉತ್ತರದ ಗಂಗಾ, ಸಿಂಧೂ, ಬ್ರಹ್ಮಪುತ್ರ ನದಿಗಳವು. ಕಾವೇರಿಯಲ್ಲಿ ಮೂಲದಿಂದ ಇದ್ದವಲ್ಲ. ಸಾಮಾನ್ಯ ಗೆಂಡೆ ಹೊರದೇಶದ್ದು. ಅದು 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಬಂದಿತು. 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ಬಂದಿತು. 1959ರಲ್ಲಿ ಬೆಳ್ಳಿಗೆಂಡೆಯನ್ನು ಜಪಾನಿನಿಂದಲೂ ಹುಲ್ಲುಗೆಂಡೆಯನ್ನು ಹಾಂಗ್‌ಕಾಂಗಿನಿಂದಲೂ ತರಿಸಲಾಯಿತು. ಈ ಹೊಸಬರಿಗೆಲ್ಲ ಕನ್ನಡದ ಹೆಸರು ಬೇಕಾದಾಗ ‘ಕಾರ್ಪ್’ ಇದ್ದ ಕಡೆ ‘ಗೆಂಡೆ’ ಎಂದು ಬರೆದರು. ಹೀಗಾಗಿ ಇಂಗ್ಲಿಷಿನ ಹೆಸರಿನ ಗೊಂದಲವೆಲ್ಲ ಕನ್ನಡಕ್ಕೂ ಇಳಿದು ಬಂದಿತು. ‘ಸಾಮಾನ್ಯ’ ಎಂಬ ಮಾತು ಕೂಡ ದಾರಿ ತಪ್ಪಿಸುವಂಥದೇ. ಸಾಮಾನ್ಯ ಗೆಂಡೆ ಎಂದರೆ ನಮ್ಮ ಕೆರೆಯ ಮಾಮೂಲು ಗೆಂಡೆ ಎಂದು ಭಾವಿಸಬಾರದು.

ಹೆಸರಿನ ಉಪಯೋಗ ಮತ್ತು ಮಿತಿ

ಹಾಗಾದರೆ ಈ ಗುಂಪಿನ ಹೆಸರು ನಿರುಪಯುಕ್ತವೇ? ಖಂಡಿತ ಅಲ್ಲ. ಗೆಂಡೆಗಳೆಂದು ಕರೆಯುವ ಮೀನುಗಳಲ್ಲಿ ನಿಜವಾದ ಹೋಲಿಕೆಗಳಿವೆ. ಇವು ಇತರ ಮೀನುಗಳನ್ನು ಬೇಟೆಯಾಡಿ ಬದುಕುವವಲ್ಲ. ಆದ್ದರಿಂದ ಒಂದೇ ಕೊಳದಲ್ಲಿ ಕೂಡಿ ಬಾಳಬಲ್ಲವು. ಅಕ್ಕಿ ತೌಡು, ಕಡಲೆಕಾಯಿ ಹಿಂಡಿಗಳನ್ನು ಒಗ್ಗಿಸಿಕೊಳ್ಳುತ್ತವೆ. 1957ರ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧರಿಯವರೂ ಅವರ ಸಂಗಡಿಗರೂ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ನಮ್ಮ ಗೆಂಡೆಗಳನ್ನು ಮರಿ ಮಾಡಿಸಿದರು. ಅದೇ ಕ್ರಮ ಮುಂದೆ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳಿಗೂ ಒದಗಿತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತೇವೆ.

ಆದರೆ ಮೀನು ಏನನ್ನು ತಿನ್ನುತ್ತದೆ, ಎಲ್ಲಿ ಇರುತ್ತದೆ ಎಂಬುದನ್ನು ಗುಂಪಿನ ಹೆಸರು ತಿಳಿಸುವುದಿಲ್ಲ. ಕೊಳದ ಲಾಭ ನಿಂತಿರುವುದು ಅದರ ಮೇಲೆಯೇ. ಆದ್ದರಿಂದ ಒಂದೊಂದು ಮೀನಿನ ಗುರುತನ್ನೂ ಗುಣವನ್ನೂ ನೆನಪಿನಲ್ಲಿಡಿ.

ಕಾಟ್ಲಾ: ತಲೆ ದೊಡ್ಡದು, ಬಾಯಿ ಮೇಲ್ಮುಖ, ಮೀಸೆಯಿಲ್ಲ. ಮೇಲಿನ ನೀರಿನಲ್ಲಿದ್ದು ಅಲ್ಲಿನ ಸೂಕ್ಷ್ಮ ಜಲಪ್ರಾಣಿಗಳನ್ನು ತಿನ್ನುತ್ತದೆ.

ರೋಹು: ತಲೆ ಚಿಕ್ಕದು, ತುಟಿಗೆ ಅಂಚುಕಟ್ಟಿದಂತೆ ಝಾಲರಿ. ನಡುನೀರಿನ ವಾಸಿ.

ಮೃಗಾಲ: ಮೈ ಉದ್ದ, ಮೂತಿ ಮೊಂಡು. ತಳದಲ್ಲಿ ಕೊಳೆತ ಕಸಕಡ್ಡಿಯನ್ನು ತಿನ್ನುತ್ತದೆ.

ಬೆಳ್ಳಿಗೆಂಡೆ: ಹುರುಪೆ ಬಹಳ ಸಣ್ಣವು, ಕಣ್ಣು ತಲೆಯ ಕೆಳಭಾಗದಲ್ಲಿವೆ. ಮೇಲಿನ ನೀರಿನ ಹಸಿರು ಪಾಚಿಕಣಗಳೇ ಮುಖ್ಯ ಆಹಾರ. ಹಿಡಿದ ಮೇಲೆ ಬೇಗ ಕೆಡುತ್ತದೆ. ಮಾರಾಟಕ್ಕೆ ತಡ ಮಾಡಬಾರದು.

ಹುಲ್ಲುಗೆಂಡೆ: ಮೈ ದುಂಡಗೆ ನೀಳ, ಹುರುಪೆ ದೊಡ್ಡವು, ಮೀಸೆಯಿಲ್ಲ. ಜಲಸಸ್ಯಗಳನ್ನು ಮೇಯುತ್ತದೆ. ಕಳೆ ತುಂಬಿದ ಕೊಳಕ್ಕೆ ಇದು ಒಳ್ಳೆಯ ನೆಂಟ. ಭತ್ತದ ಗದ್ದೆಗೆ ಮಾತ್ರ ಬಿಡಬೇಡಿ, ಎಳೆಯ ಪೈರನ್ನೇ ಮೇದೀತು.

ಸಾಮಾನ್ಯ ಗೆಂಡೆ: ಬಾಯಿಯ ಬಳಿ ಎರಡು ಜೊತೆ ಮೀಸೆ, ಬೆನ್ನಿನ ಈಜುರೆಕ್ಕೆ ಉದ್ದ. ತಳದ ಮಣ್ಣನ್ನು ಕೆದಕಿ ಹುಳುಹುಪ್ಪಟೆ ತಿನ್ನುತ್ತದೆ. ಏರಿಯ ಬುಡವನ್ನೂ ಕೆದಕುತ್ತದೆ.

ತಪ್ಪಿದರೆ ಏನಾಗುತ್ತದೆ?

ಒಂದು ಹೆಕ್ಟೇರು ಕೊಳಕ್ಕೆ 5000 ‘ಗೆಂಡೆ ಮರಿ’ ತಂದಿರಿ, ಎಲ್ಲವೂ ಸಾಮಾನ್ಯ ಗೆಂಡೆಯವೇ ಆಗಿದ್ದವು ಎಂದು ಭಾವಿಸೋಣ. ಮೇಲಿನ ನೀರಿನ ಆಹಾರವನ್ನು ತಿನ್ನುವವರಿಲ್ಲ. ನೀವು ಹಾಕಿದ ಸಗಣಿ ಗೊಬ್ಬರದಿಂದ ಬೆಳೆದ ಪಾಚಿ ವ್ಯರ್ಥ. ತಳದಲ್ಲಿ ಮಾತ್ರ ನೂಕುನುಗ್ಗಲು. ಇದಲ್ಲದೆ ಉಳಿದ ಗೆಂಡೆಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಸಾಮಾನ್ಯ ಗೆಂಡೆಯಾದರೋ ನಮ್ಮ ಬೆಚ್ಚಗಿನ ನೀರಿನಲ್ಲಿ ವರ್ಷ ತುಂಬುವ ಮೊದಲೇ ಮೊಟ್ಟೆಗೆ ಬಂದು, ಜಲಸಸ್ಯಗಳಿಗೆ ಮೊಟ್ಟೆ ಅಂಟಿಸಿ ಮರಿ ಮಾಡುತ್ತದೆ. ಕೊಳದ ತುಂಬ ಮರಿ. ತೂಕಕ್ಕೆ ಬಂದ ಮೀನು ಕಡಿಮೆ.

ಕಾಟ್ಲಾ, ರೋಹು, ಮೃಗಾಲಗಳನ್ನು 4:3:3ರ ಪ್ರಮಾಣದಲ್ಲಿ, ಅಂದರೆ 2000, 1500, 1500 ಮರಿಗಳಂತೆ ಬಿಟ್ಟಿದ್ದರೆ ಮೂರು ನೆಲೆಗಳ ಆಹಾರವೂ ಬಳಕೆಯಾಗುತ್ತಿತ್ತು. ಮಿಶ್ರ ಮೀನು ಸಾಕಣೆಯ ಗುಟ್ಟು ಇಷ್ಟೇ.

ಇನ್ನೊಂದು ಎಚ್ಚರಿಕೆ ದಪ್ಪತಲೆ ಗೆಂಡೆಯದು. ಇದು ಅನುಮತಿಯಿಲ್ಲದೆ ನಮ್ಮ ದೇಶದೊಳಗೆ ನುಸುಳಿದ ಮೀನು. ತಲೆ ದೊಡ್ಡದಾದ್ದರಿಂದ ಕಾಟ್ಲಾ ಎಂದು ನಂಬುವುದು ಸುಲಭ. ಕಾಟ್ಲಾದ ಆಹಾರವನ್ನೇ ಇದೂ ತಿನ್ನುತ್ತದೆ. ಹುರುಪೆ ಸಣ್ಣದಾಗಿ, ಕಣ್ಣು ತೀರ ಕೆಳಗಿದ್ದು, ಮೈಮೇಲೆ ಕಪ್ಪು ಮಚ್ಚೆಗಳಿದ್ದರೆ ಅದು ಕಾಟ್ಲಾ ಅಲ್ಲ.

ಅಮೆರಿಕದಲ್ಲಿ ಈ ಹೆಸರಿನ ಗೊಂದಲ ಇನ್ನೊಂದು ರೂಪ ತಾಳಿತು. 1960 ಮತ್ತು 70ರ ದಶಕಗಳಲ್ಲಿ ತರಿಸಿದ ಚೀನೀ ಮೀನುಗಳು ಕೊಳಗಳಿಂದ ತಪ್ಪಿಸಿಕೊಂಡು ಮಿಸಿಸಿಪ್ಪಿ ನದಿಯನ್ನು ತುಂಬಿದವು. ಹಿಡಿದು ತಿನ್ನೋಣವೆಂದರೆ, ಕಾರ್ಪ್ ಎಂದೊಡನೆ ಕೆಸರು ಕೆದಕುವ ಸಾಮಾನ್ಯ ಗೆಂಡೆಯೇ ನೆನಪಾಗಿ ಜನ ಮುಖ ತಿರುಗಿಸಿದರು. ಕಡೆಗೆ 2022ರಲ್ಲಿ ಇಲಿನಾಯ್ ರಾಜ್ಯದವರು ಮಾರುಕಟ್ಟೆಗಾಗಿ ಇವಕ್ಕೆ ‘ಕೋಪಿ’ ಎಂಬ ಹೊಸ ಹೆಸರನ್ನೇ ಕಟ್ಟಿದರು.

ಒಂದು ಮೀನು, ಹಲವು ಹೆಸರು

ಇದಕ್ಕೆ ವಿರುದ್ಧವಾದ ಗೊಂದಲವೂ ಉಂಟು. ಮೈತುಂಬ ಹುರುಪೆಯಿರುವುದು, ಅಲ್ಲೊಂದು ಇಲ್ಲೊಂದು ದೊಡ್ಡ ಹುರುಪೆಯಿರುವ ಕನ್ನಡಿ ಗೆಂಡೆ, ಬಹುತೇಕ ಹುರುಪೆಯೇ ಇಲ್ಲದ ಚರ್ಮ ಗೆಂಡೆ, ಈ ಮೂರೂ ಸಾಮಾನ್ಯ ಗೆಂಡೆಯ ಬಗೆಗಳೇ, ಬೇರೆ ಮೀನುಗಳಲ್ಲ. ‘ಅಮೂರ್ ಗೆಂಡೆ’ ಎಂದು ಮಾರುವ ಮರಿಯೂ ಹಂಗೇರಿಯಿಂದ ಬಂದ ಸಾಮಾನ್ಯ ಗೆಂಡೆಯ ಒಂದು ತಳಿ. ಆದರೆ ಹೊರದೇಶದ ಪುಸ್ತಕಗಳಲ್ಲಿ ‘ಬಿಳಿ ಅಮೂರ್’ ಎಂದಿದ್ದರೆ ಅದು ಹುಲ್ಲುಗೆಂಡೆ! ಒಂದನ್ನು ಓದಿ ಇನ್ನೊಂದನ್ನು ತಂದರೆ ಕಳೆ ಕಳೆಯಾಗಿಯೇ ಉಳಿಯುತ್ತದೆ.

ಮರಿ ಕೊಳ್ಳುವಾಗ ಗಮನಿಸಿ

1. ‘ಗೆಂಡೆ’ ಎಂದಷ್ಟೇ ಕೇಳಬೇಡಿ. ಯಾವ ಗೆಂಡೆ, ಎಷ್ಟು ಮರಿ ಎಂದು ಬೇರೆ ಬೇರೆಯಾಗಿ ಕೇಳಿ.

2. ರಸೀದಿಯಲ್ಲಿಯೂ ಹಾಗೆಯೇ ಬರೆಸಿಕೊಳ್ಳಿ.

3. ತೀರ ಸಣ್ಣ ಮರಿಗಳನ್ನು ಗುರುತಿಸುವುದು ಕಷ್ಟ. ಬೆರಳುದ್ದದ ಮರಿಗಳನ್ನೇ ಕೊಳ್ಳಿ. ಒಂದು ಬೋಗುಣಿ ನೀರಿನಲ್ಲಿ ಕೆಲವನ್ನು ಹಾಕಿ ತಲೆ, ಬಾಯಿ, ಮೀಸೆ, ಬೆನ್ನಿನ ರೆಕ್ಕೆಗಳನ್ನು ನೋಡಿ.

4. ಕೊಳದಲ್ಲಿ ಕಳೆ ಇದೆಯೇ, ಏರಿ ಗಟ್ಟಿಯಿದೆಯೇ ಎಂಬುದನ್ನು ನೋಡಿಕೊಂಡು ಹುಲ್ಲುಗೆಂಡೆ, ಸಾಮಾನ್ಯ ಗೆಂಡೆಗಳ ಸಂಖ್ಯೆಯನ್ನು ನಿರ್ಧರಿಸಿ.

5. ಅನುಮಾನವಿದ್ದರೆ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ, ಅನಂತರವೇ ಕೊಳಕ್ಕೆ ಬಿಡಿ.

ಹಳೆಯ ಹೆಸರನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಆ ಹೆಸರಿನ ಮುಂದೆ ಇನ್ನೊಂದು ಮಾತನ್ನು ಸೇರಿಸಿ ಕೇಳುವುದು ನಿಮ್ಮ ಕೈಯಲ್ಲಿದೆ. ಗಂಗೆಯ ಬೆಸ್ತರೂ ಚೀನಾದ ರೈತರೂ ಒಂದೊಂದು ಮೀನನ್ನೂ ಬೇರೆ ಹೆಸರಿನಿಂದ ಕರೆದದ್ದು ಸುಮ್ಮನೆ ಅಲ್ಲ. ಮೀನಿನಿಂದಲೇ ಅವರ ಜೀವನ ನಡೆಯುತ್ತಿತ್ತು.