ಸಹಿಗೆ ಮೊದಲು ಮಗುವಿನ ಬಾಯಿಯ ವಿಚಾರ ಕೇಳಿ

ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ಹೆತ್ತವರ ಕಿವಿಗೆ ಬೇರೆ ಮಾತು ಬೀಳುವುದು ಕಷ್ಟ. ಮುಂದಿಟ್ಟ ಒಪ್ಪಿಗೆ ಪತ್ರಕ್ಕೆ ಸಹಿ ಬೀಳುತ್ತದೆ, ಕಿಮೋ ಶುರುವಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಬಾಯಿತುಂಬ ಹುಣ್ಣು. ಅನ್ನ ಕಂಡರೆ ಮಗು ಮುಖ ತಿರುಗಿಸುತ್ತದೆ. ‘ಉಷ್ಣ ಆಗಿದೆ’ ಎಂದು ಮನೆಮದ್ದಿಗೆ ಕೈಹಾಕುವವರೂ, ರಕ್ತ ಬಂದೀತೆಂದು ಹಲ್ಲುಜ್ಜುವುದನ್ನೇ ಬಿಡಿಸುವವರೂ ಇದ್ದಾರೆ.

ಇದು ಉಷ್ಣವಲ್ಲ. ಮೆಥೊಟ್ರೆಕ್ಸೇಟ್‌ನಂಥ ಔಷಧಿಗಳು ಬಾಯೊಳಗಿನ ತೆಳುಪೊರೆಯನ್ನೂ ಘಾಸಿಗೊಳಿಸುತ್ತವೆ. ಬಿಳಿ ರಕ್ತಕಣ ಇಳಿದಿರುವಾಗ ಹುಣ್ಣಿನಿಂದಲೋ ಹುಳುಕು ಹಲ್ಲಿನಿಂದಲೋ ಸೋಂಕು ರಕ್ತಕ್ಕೆ ಸೇರಬಹುದು. ಎಳೆಯ ವಯಸ್ಸಿನಲ್ಲಿ ತಲೆ, ಕುತ್ತಿಗೆಗೆ ರೇಡಿಯೇಷನ್ ಆದರೆ ಶಾಶ್ವತ ಹಲ್ಲುಗಳ ಬೆಳವಣಿಗೆಗೂ ಪೆಟ್ಟು ಬೀಳಬಹುದು.

ಇದನ್ನೆಲ್ಲ ಮೊದಲೇ ತಿಳಿಯುವುದು ಹೆತ್ತವರ ಹಕ್ಕು. ಒಪ್ಪಿಗೆ ಪಡೆಯುವ ಮುನ್ನ ಚಿಕಿತ್ಸೆಯ ಸ್ವರೂಪ, ಉದ್ದೇಶ, ಬದಲಿ ದಾರಿ, ಮುಖ್ಯ ಅಪಾಯಗಳನ್ನು ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತು. ತೀರಾ ಅಪರೂಪದ ಅಪಾಯಗಳನ್ನು ವಿವರಿಸಬೇಕಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಆದರೆ ಕಿಮೋದಲ್ಲಿ ಬಾಯಿಹುಣ್ಣು ಅಪರೂಪದ್ದಲ್ಲ.

ಆದ್ದರಿಂದ ಸಹಿಗೆ ಮೊದಲು, ತಿಳಿಯುವ ಕನ್ನಡದಲ್ಲೇ ಉತ್ತರ ಕೇಳಬೇಕು. ಕಿಮೋಗೆ ಮುಂಚೆ ದಂತವೈದ್ಯರು ನೋಡುತ್ತಾರೆಯೇ? ಯಾವ ಬ್ರಷ್, ಬಾಯಿ ಮುಕ್ಕಳಿಸಲು ಏನು? ರಕ್ತಕಣ ಎಷ್ಟಿದ್ದರೆ ಹಲ್ಲು ಕೀಳಬಹುದು? ಜ್ವರ ಬಂದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಉತ್ತರಗಳನ್ನು ತಾರೀಖಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು.

ದಾಖಲೆಯೂ ಹೆತ್ತವರಿಗೆ ಸಲ್ಲಬೇಕಾದದ್ದೇ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಯೊಳಗೆ ಚಿಕಿತ್ಸಾ ದಾಖಲೆ ಕೊಡಬೇಕು. ಅರ್ಜಿ ಲಿಖಿತವಾಗಿರಲಿ, ಸ್ವೀಕೃತಿ ಮರೆಯದಿರಲಿ. ಬೇರೆ ವೈದ್ಯರ ಅಭಿಪ್ರಾಯ ಪಡೆಯಲು ಈ ಕಾಗದಗಳೇ ಆಧಾರ.

ಹುಣ್ಣು ಬಂದದ್ದೇ ನಿರ್ಲಕ್ಷ್ಯವಾಗುವುದಿಲ್ಲ. ಮೊದಲೇ ತಿಳಿಸದಿದ್ದರೆ, ನೋವು ಹೇಳಿಕೊಂಡರೂ ಪರೀಕ್ಷಿಸದಿದ್ದರೆ ಪ್ರಶ್ನೆ ಏಳುತ್ತದೆ. ಮೊದಲ ದೂರು ಆಸ್ಪತ್ರೆಯ ಆಡಳಿತಕ್ಕೆ, ಲಿಖಿತವಾಗಿ. ಖಾಸಗಿ ಆಸ್ಪತ್ರೆಯಾದರೆ ಕರ್ನಾಟಕದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಪರಿಹಾರಧನ ಬೇಕಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸದು. ಸರ್ಕಾರಿ ಆಸ್ಪತ್ರೆಯಿಂದ ಮಾಹಿತಿ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಬರಬೇಕು.

ವಕೀಲರ ಫೀಸಿಗೆ ಹೆದರಬೇಕಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ಡಿಸ್ಚಾರ್ಜ್ ಸಮರಿ, ಬಿಲ್ಲುಗಳು, ಒಪ್ಪಿಗೆ ಪತ್ರದ ಪ್ರತಿ ಮತ್ತು ಆ ನೋಟ್‌ಬುಕ್ ಕೈಯಲ್ಲಿರಲಿ.