ಕೆಲಸಕ್ಕೆ ಅಡಚಣೆಯಾದರೆ ನಷ್ಟ ಕೇಳುವ ಬಗೆ



ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಸಣ್ಣ ಗುತ್ತಿಗೆದಾರರೂ ಮೇಸ್ತ್ರಿಗಳೂ ತಿಳಿದಿರಬೇಕಾದ ಪಾಠವಿದು. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಆದರೆ ಜಮೀನು, ಅರಣ್ಯಭೂಮಿ ಸಕಾಲಕ್ಕೆ ಸಿಗದೆ ನಮ್ಮ ಭಾಗದ ಕಾಲುವೆ ಕೆಲಸ ಹಿಂದೆ ಬಿತ್ತು. ದೊಡ್ಡ ಕಾಲುವೆಯಾಗಲಿ, ಊರ ಚರಂಡಿಯಾಗಲಿ, ಜಾಗ ತುಂಡುತುಂಡಾಗಿ ಸಿಕ್ಕರೆ ಕಷ್ಟ ಒಂದೇ. ಸಾಲ ತಂದು ಕೂಲಿ ಬಟವಾಡೆ ಮಾಡಿದವನು ಆ ನಷ್ಟವನ್ನು ಕೇಳಿ ಪಡೆಯುವುದು ಹೇಗೆ?

ತಡ ಬೇರೆ, ಅಡಚಣೆ ಬೇರೆ

ಕೆಲಸ ಮುಗಿಯುವ ದಿನ ಮುಂದಕ್ಕೆ ಹೋದರೆ ಅದು ತಡ. ಆಳುಗಳು ದಿನವೆಲ್ಲ ದುಡಿದರೂ ಆಗಬೇಕಾದಷ್ಟು ಕೆಲಸ ಆಗದಿದ್ದರೆ ಅದು ಅಡಚಣೆ. ಗಡುವಿನೊಳಗೆ ಕೆಲಸ ಮುಗಿದರೂ ಅಡಚಣೆಯ ನಷ್ಟ ಉಂಟಾಗಿರಬಹುದು. ಗಡುವು ಹೆಚ್ಚಿಸಿ ಕೊಟ್ಟ ಮಾತ್ರಕ್ಕೆ ಅದು ತುಂಬಿಬರುವುದಿಲ್ಲ.

ಲೆಕ್ಕ ಹಾಕುವ ಕ್ರಮ

ಒಂದು ಚರಂಡಿಯ ಉದಾಹರಣೆ ತೆಗೆದುಕೊಳ್ಳೋಣ. ಅಡ್ಡಿಯಿಲ್ಲದ ಭಾಗದಲ್ಲಿ 10 ಆಳುಗಳು ದಿನಕ್ಕೆ 20 ಮೀಟರ್ ಕಟ್ಟಿದರು. ಜಾಗ ಬಿಡಿಬಿಡಿಯಾಗಿ ಸಿಕ್ಕ ಭಾಗದಲ್ಲಿ ಅದೇ ಆಳುಗಳಿಗೆ 120 ಮೀಟರಿಗೆ 6 ದಿನದ ಬದಲು 10 ದಿನ ಹಿಡಿಯಿತು. ಹೆಚ್ಚಾದದ್ದು 4 ದಿನ, ಅಂದರೆ 40 ಆಳು. ಅದರಲ್ಲಿ 1 ದಿನ ಗುತ್ತಿಗೆದಾರನ ಸ್ವಂತ ಮಿಕ್ಸರ್ ಕೆಟ್ಟಿತ್ತು. ಆ 10 ಆಳನ್ನು ಕಳೆಯಬೇಕು. ಉಳಿದ 30 ಆಳಿಗೆ ತಲಾ 600 ರೂಪಾಯಿಯಂತೆ 18,000 ರೂಪಾಯಿ ನಷ್ಟ.

ಇದಕ್ಕೆ ಇಂಜಿನಿಯರರು ‘ಮೆಷರ್ಡ್ ಮೈಲ್’ ಎನ್ನುತ್ತಾರೆ. ಹೋಲಿಸುವ ಎರಡು ಭಾಗಗಳ ಮಣ್ಣು, ಆಳ, ಕೆಲಸದ ಬಗೆ ಒಂದೇ ತೆರನಾಗಿರಬೇಕು. ಟೆಂಡರಿನಲ್ಲಿ ಅಂದಾಜಿಸಿದ್ದಕ್ಕಿಂತ ಖರ್ಚು ಹೆಚ್ಚಾಯಿತೆಂದು ಹೇಳಿದರೆ ಸಾಲದು. ಅಂದಾಜೇ ಕಡಿಮೆ ಇದ್ದಿರಬಹುದಲ್ಲವೇ?

ಮರೆಯಬಾರದ ನಾಲ್ಕು ಕೆಲಸಗಳು

1. ದಿನವೂ ಆಳುಗಳ ಸಂಖ್ಯೆ, ಕೆಲಸ ನಡೆದ ಜಾಗ, ಆದ ಅಳತೆ, ಬಂದ ಅಡ್ಡಿ ಇವನ್ನು ಬರೆದಿಡಿ. ಸಾಧ್ಯವಾದರೆ ಇಂಜಿನಿಯರರ ಸಹಿ ಪಡೆಯಿರಿ.

2. ಅಡ್ಡಿ ಬಂದೊಡನೆ, ಕರಾರಿನಲ್ಲಿ ಹೇಳಿದ ಅವಧಿಯೊಳಗೆ, ಲಿಖಿತ ನೋಟೀಸು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. 1872ರ ಭಾರತೀಯ ಕರಾರು ಕಾಯಿದೆಯ 55ನೇ ಪ್ರಕರಣವೂ ಇಂಥ ಎಚ್ಚರಿಕೆಯನ್ನು ಕಲಿಸುತ್ತದೆ: ಎದುರು ಪಕ್ಷದವರು ತಡವಾಗಿ ಕೊಟ್ಟದ್ದನ್ನು ಸುಮ್ಮನೆ ಒಪ್ಪಿಕೊಂಡರೆ, ತಡದ ನಷ್ಟ ಕೇಳುವ ಹಕ್ಕು ತಪ್ಪಬಹುದು.

3. ಆಳುಗಳನ್ನು ಬೇರೆ ಭಾಗಕ್ಕೆ ಹಾಕಿ ನಷ್ಟ ತಗ್ಗಿಸಲು ಯತ್ನಿಸಿ, ಅದನ್ನೂ ಬರೆದಿಡಿ. ಪರಿಹಾರ ಗೊತ್ತುಮಾಡುವಾಗ ಇದನ್ನು ಗಮನಿಸಬೇಕೆಂದು 73ನೇ ಪ್ರಕರಣ ಹೇಳುತ್ತದೆ.

4. ನಷ್ಟಪರಿಹಾರವಿಲ್ಲವೆಂಬ ಷರತ್ತು ಕರಾರಿನಲ್ಲಿದೆಯೇ ಎಂದು ಸಹಿಗೆ ಮುಂಚೆಯೇ ತಿಳಿದವರಿಂದ ಓದಿಸಿಕೊಳ್ಳಿ.

ಆಕಾಶವಾಣಿಯ ಕಟ್ಟಡ ಕೆಲಸದ ಮೊಕದ್ದಮೆಯೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು, ತಡವಾದದ್ದು ನಿಜವಾದರೂ ಕೈತಪ್ಪಿದ ಲಾಭಕ್ಕೆ ಸಾಕ್ಷ್ಯ ಬೇಕೆಂದು ಹೇಳಿ ಗುತ್ತಿಗೆದಾರರ ಬೇಡಿಕೆಯನ್ನು ತಳ್ಳಿಹಾಕಿತು. ಆದ್ದರಿಂದ ಸಂಜೆ ಬಟವಾಡೆಗೆ ಕೂತಾಗ ಐದು ನಿಮಿಷ ಪುಸ್ತಕಕ್ಕೂ ಕೊಡಿ. ಕಾಮಗಾರಿ ಮುಗಿದ ಮೇಲೆ ನೆನಪಿನಿಂದ ಬರೆದ ಲೆಕ್ಕಕ್ಕಿಂತ ಅಂದಂದು ಬರೆದ ನಾಲ್ಕು ಸಾಲಿಗೆ ಬೆಲೆ ಹೆಚ್ಚು.