ಸುತ್ತಿಗೆ ಬೆರಳು

ಅಂಗೈಯನ್ನು ದಿನಕ್ಕೆ ನೂರು ಸಲ ನೋಡಿಕೊಳ್ಳುವ ನಾವು ಪಾದದ ಕಡೆ ಕಣ್ಣು ಹಾಯಿಸುವುದು ಮುಳ್ಳು ಚುಚ್ಚಿದಾಗ ಮಾತ್ರ. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳಲ್ಲಿ 14 ಬೆರಳುಗಳವೇ. ಹೆಬ್ಬೆರಳಿಗೆ ಎರಡು, ಉಳಿದವಕ್ಕೆ ಮೂರು ಮೂರು. ಮೂರು ಮೂಳೆಗಳ ಬೆರಳು ನಡುಗೆಣ್ಣಿನಲ್ಲಿ ಕೆಳಕ್ಕೆ ಬಗ್ಗಿ, ಗೆಣ್ಣು ಮೇಲೆದ್ದು ನಿಂತರೆ ಅದನ್ನು ಸುತ್ತಿಗೆ ಬೆರಳೆಂದು ಕರೆಯುತ್ತಾರೆ. ಹೆಬ್ಬೆರಳಿನ ಪಕ್ಕದ ಬೆರಳಿಗೇ ಇದು ಹೆಚ್ಚು.

ಬೆರಳನ್ನು ಆಳುವ ಸ್ನಾಯುಗಳು ಎರಡು ಬಗೆ. ಒಂದು ಬಗೆ ಮೊಣಕಾಲಿನ ಕೆಳಗೆ ಹುಟ್ಟಿ, ಹಗ್ಗದಂತಹ ರಜ್ಜುಗಳ ಮೂಲಕ ಬೆರಳನ್ನೆಳೆಯುತ್ತದೆ. ಇನ್ನೊಂದು ಪಾದದೊಳಗೇ ಇರುವ ಸಣ್ಣ ಸ್ನಾಯುಗಳದು. ಜೋಡಿಯಲ್ಲಿ ಒಂದು ಎತ್ತು ಸೋತರೆ ಸಾಲು ಸೊಟ್ಟಗಾಗುವಂತೆ, ಸಣ್ಣ ಸ್ನಾಯುಗಳು ಬಲಗುಂದಿದರೆ ಬೆರಳು ಮಡಿಯುತ್ತದೆ. ಮೂತಿ ಚೂಪಾದ ಬಿಗಿ ಬೂಟು, ಹೆಬ್ಬೆರಳಿಗಿಂತ ಉದ್ದನೆಯ ಎರಡನೆಯ ಬೆರಳು, ಕೀಲುವಾತ ಇವೂ ಕಾರಣಗಳೇ.

ಕುಪ್ಪಗಡ್ಡೆಯ ಕಡೆ ಬರಿಗಾಲಿನಲ್ಲಿ ಗದ್ದೆಗಿಳಿಯುವವರಿಗೆ ಬೂಟಿನ ರೋಗ ಎಲ್ಲಿಂದ ಬರಬೇಕು ಎಂದು ಓದುಗರು ಕೇಳಬಹುದು. ಬೂಟಿನಿಂದ ಬಾರದಿದ್ದರೂ ನರದಿಂದ ಬರುತ್ತದೆ. ಮಧುಮೇಹವೂ ಕುಷ್ಠವೂ ಪಾದದ ನರಗಳನ್ನು ಕೆಡಿಸುತ್ತವೆ; ಆಗ ಸಣ್ಣ ಸ್ನಾಯುಗಳು ಸೋಲುವುದರ ಜೊತೆಗೆ ಅಂಗಾಲು ಜೋಮು ಹಿಡಿದು ನೋವೇ ತಿಳಿಯದಾಗುತ್ತದೆ. 1946ರಲ್ಲಿ ವೆಲ್ಲೂರಿಗೆ ಬಂದ ವೈದ್ಯ ಪಾಲ್ ಬ್ರ್ಯಾಂಡರು ಕಂಡುಕೊಂಡದ್ದು ಇದನ್ನೇ: ಕುಷ್ಠರೋಗಿಯ ಬೆರಳು ತಾನಾಗಿ ಕೊಳೆತು ಬೀಳುವುದಿಲ್ಲ, ನೋವಿಲ್ಲದ ಗಾಯವನ್ನು ಯಾರೂ ಗಮನಿಸದೆ ಬೆರಳು ಹಾಳಾಗುತ್ತದೆ. ಕುಷ್ಠಕ್ಕೆ ಈಗ ಸರಕಾರವೇ ಉಚಿತವಾಗಿ ಔಷಧಿ ಕೊಡುತ್ತದೆ. ಸಕ್ಕರೆ ಕಾಯಿಲೆಯಾದರೋ ಹಳ್ಳಿಹಳ್ಳಿಗೂ ಬಂದಿದೆ.

ಎದ್ದ ಗೆಣ್ಣಿನ ಮೇಲೆ ಚಪ್ಪಲಿಯ ಪಟ್ಟಿ ಉಜ್ಜಿ ಆಣಿಯಾಗುತ್ತದೆ. ಅದನ್ನು ಬ್ಲೇಡಿನಿಂದ ಕೆತ್ತುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅಂಗಡಿಯ ಆಣಿಪಟ್ಟಿಯಲ್ಲಿ ಚರ್ಮ ಸುಡುವ ಆಮ್ಲವಿರುತ್ತದೆ. ಜೋಮು ಹಿಡಿದ ಕಾಲಿಗೆ ಇವೆರಡೂ ಸಲ್ಲವು. ಇಂತಹ ಗೆಣ್ಣಿನ ಹುಣ್ಣು ಮೂಳೆಗಿಳಿದು, ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗಿ ಬರುವುದುಂಟು. ಮಧುಮೇಹಿಗಳು ದಿನವೂ ಪಾದವನ್ನು ನೋಡಿಕೊಳ್ಳಬೇಕು. ಬಗ್ಗಲಾಗದವರಿಗೆ ಮಕ್ಕಳೋ ಮೊಮ್ಮಕ್ಕಳೋ ನೋಡಿ ಹೇಳಲಿ.

ಚಿಕಿತ್ಸೆಗೆ ಮೊದಲು ಬೆರಳನ್ನು ಕೈಯಿಂದ ನೆಟ್ಟಗೆ ಮಾಡಿ ನೋಡಬೇಕು. ನೆಟ್ಟಗಾದರೆ ಕಾಲವಿನ್ನೂ ಮೀರಿಲ್ಲ. ಬೆರಳನ್ನು ನಿತ್ಯ ಮೆಲ್ಲಗೆ ನೀವಿ ಚಾಚುವುದು, ನೆಲದ ಮೇಲಿನ ಬಟ್ಟೆಯನ್ನು ಕಾಲ್ಬೆರಳುಗಳಿಂದ ಎತ್ತುವುದು, ಗೆಣ್ಣಿಗೆ ಮೆತ್ತೆ ಕಟ್ಟುವುದು ಇವುಗಳಿಂದ ಅನುಕೂಲವಾಗುತ್ತದೆ. ಪಾದರಕ್ಷೆಯ ಮುಂಭಾಗ ಅಗಲವಾಗಿಯೂ ಎತ್ತರವಾಗಿಯೂ ಇರಲಿ. ಸಂಜೆಗೆ ಪಾದ ಸ್ವಲ್ಪ ಊದಿರುವುದರಿಂದ ಕೊಳ್ಳಲು ಆ ಹೊತ್ತೇ ಒಳ್ಳೆಯದು. ಜೋಮು ಇರುವವರಿಗೆ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಗಳುಂಟು. ಬೆರಳು ಊದಿ ಕಾಲುಂಗುರ ಬಿಗಿಯಾದರೆ ಅದನ್ನು ತೆಗೆದಿಡಬೇಕು. ಮುತ್ತೈದೆತನಕ್ಕೆ ಅದರಿಂದ ಕೇಡೇನೂ ಇಲ್ಲವೆಂದು ಹಿರಿಯರು ಒಪ್ಪುವುದೇ ಕಷ್ಟದ ಕೆಲಸ.

ಬೆರಳು ಸೆಟೆದು ನಿಂತುಬಿಟ್ಟರೆ ವ್ಯಾಯಾಮದಿಂದ ಅದು ನೆಟ್ಟಗಾಗದು. ನೋವು ಮತ್ತು ಹುಣ್ಣು ಬಿಡದಿದ್ದರೆ ಶಸ್ತ್ರಚಿಕಿತ್ಸೆ. ಗೆಣ್ಣಿನ ಮೂಳೆಯ ತುದಿಯನ್ನು ಸ್ವಲ್ಪ ತೆಗೆದು, ಸಣ್ಣ ತಂತಿಯಿಂದ ಬೆರಳನ್ನು ಕೆಲವು ವಾರ ನೇರವಾಗಿ ಹಿಡಿದಿಡುತ್ತಾರೆ. ಬಾಗುವ ಬೆರಳಿಗಾದರೆ ಕೆಳಗೆಳೆಯುವ ರಜ್ಜುವನ್ನು ಮೇಲುಬದಿಗೆ ತಿರುಗಿಸಿ ಹೊಲಿಯುವುದುಂಟು. ಪಾದದ ರಕ್ತಸಂಚಾರವನ್ನು ಪರೀಕ್ಷಿಸದೆ ಇದಾವುದನ್ನೂ ಮಾಡುವುದಿಲ್ಲ. ಸೊರಬದವರು ಮೂಳೆ ವೈದ್ಯರನ್ನು ಕಾಣಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು.